ತಗಡಿನ ಬಿಲ್ಲೆ

ಪಟಗೋನಿಯಾದ ಈ ಬಯಲಲ್ಲಿ ಕುತ್ತಿಗೆ ನೋವು
ಗಾಳಿಯ ಹಾಗೆ. ಇದೆ ಅಂತ ಯಾರೂ ಹೇಳುವುದಿಲ್ಲ.
ದಿನಕ್ಕೆ ನೂರು ಕುರಿ ಕಾಲ ನಡುವೆ ಮಗುಚಿ
ಉಣ್ಣೆ ಕತ್ತರಿಸುವವರು
ಸಂಜೆ ನನ್ನ ಒಲೆಯ ಮುಂದೆ ಬಾಗಿದವರು ಬಾಗಿದಂತೆಯೇ ಬರುತ್ತಾರೆ.
ಬಿಸಿ ಉಪ್ಪಿನ ಗಂಟು ಕೊಡುತ್ತೇನೆ,
ಕುರಿಕೊಬ್ಬು ಕಾಸಿ ಕೊಡುತ್ತೇನೆ,
ಜೀನಿನ ಮೇಲೆ ತಲೆಯಿಟ್ಟು ಮಲಗುವವರಿಗೆ
ಬೈಗುಳವನ್ನೂ ಕೊಡುತ್ತೇನೆ.
ನಾಕು ದಿನ. ಹೆಚ್ಚೆಂದರೆ ವಾರ.
ಹಿಡಿದದ್ದು ಬಿಡುತ್ತದೆ.
ಬಹಳ ಸಲ ಬಿಡುತ್ತದೆ.

ಫರ್ಮಿನ್ ಕಾಯುಪಾನನದೂ ಹಾಗೇ ಅಂದುಕೊಂಡೆ.
ಮೂವತ್ತು ವರ್ಷ ಪಳಗಿದ ಕೈ;
ಉಣ್ಣೆ ಹೋದದ್ದು ಕುರಿಗೆ
ಚಳಿಯಾದ ಮೇಲೆ ಗೊತ್ತಾಗಬೇಕು, ಅಷ್ಟು ನಯ.
ಮಂಗಳವಾರ ಒಂದರ ಹೊಟ್ಟೆಗೆ ಗಾಯ.
ಬುಧವಾರ ಮೂರಕ್ಕೆ.
ಸೂಜಿದಾರ ಹಿಡಿದು ಹೊಲಿಯುವ ಹುಡುಗ ನಕ್ಕ:
"ಮುದುಕನಿಗೆ ಕಣ್ಣು ಮಂಜು."
ಕಣ್ಣಲ್ಲ.

ಕುರಿಗೊಂದು ತಗಡಿನ ಬಿಲ್ಲೆ, ಇಲ್ಲಿಯ ಲೆಕ್ಕ ಅದು, ಕೂಲಿಯೂ ಅದೇ.
ಗುರುವಾರ ಊಟದ ಹೊತ್ತಿಗೆ
ಬಿಲ್ಲೆಗೆಂದು ಜೇಬಿಗೆ ಕೈಹಾಕಿದವನು
ಮೊಳೆ ತೆಗೆದ, ಕಿತ್ತುಹೋದ ಗುಂಡಿ ತೆಗೆದ,
ಪ್ರತಿಸಲ ಕಣ್ಣಲ್ಲಿ ನೋಡಿಯೇ ಯಾವುದೆಂದು ತಿಳಿದ.
ಬಿಲ್ಲೆ ಸಿಕ್ಕಿತು. ಬಿತ್ತು.
ಅದು ತಿರುಗಿ ತಿರುಗಿ ಎಲ್ಲೋ ಮಲಗುವವರೆಗೆ
ಇಡೀ ಶೆಡ್ಡಿನಲ್ಲಿ ಅದೊಂದೇ ಸದ್ದು.

"ನೋವು ಹೇಗಿದೆ?"
"ಇಳಿದಿದೆ ರೊಮಿಲ್ದಾ. ನಿನ್ನೆಗಿಂತ ವಾಸಿ."
"ಕೈ?"
ಮಾತಾಡಲಿಲ್ಲ.
"ಗದ್ದ ಎದೆಗೆ ತಾಗಿಸು."
ತಾಗಿಸಿದವನು, ಬೇಲಿಯ ಕರೆಂಟು ಮುಟ್ಟಿದಂತೆ,
ಬೆನ್ನುದ್ದಕ್ಕೂ ಹಿಮ್ಮಡಿವರೆಗೂ ಜುಮ್ಮೆಂದು ನಡುಗಿದ.
"ಎಷ್ಟು ದಿನದಿಂದ?"
"ಬಗ್ಗಿದಾಗೆಲ್ಲ.
ಅದು ನೋವಲ್ಲವಲ್ಲ, ಹೇಳುವುದೇನು."

ಹೌದು, ನೋವಲ್ಲ.
ಉಕ್ಕುವ ಪಾತ್ರೆ ಕೂಗಿ ಕರೆಯುತ್ತದೆ;
ತಳ ಹಿಡಿಯುವುದು ಮೆತ್ತಗೆ ಹಿಡಿಯುತ್ತದೆ.

ಬಾಸಿಲಿಯೊ ತೋಳು ಮಡಿಸಿದ: "ತಲೆ ಹಿಡಿದು ಒಂದು ತಿರುವು,
ಲಟಕ್! ನಮ್ಮಪ್ಪ ಹಾಗೇ ಮಾಡೋನು."
ಸೌಟು ಎತ್ತಿದೆ. "ಮುಟ್ಟು ನೋಡುವ."

ನನಗೆ ವೈದ್ಯ ಗೊತ್ತಿಲ್ಲ. ಕಾದದ್ದು ಗೊತ್ತು.
ತಮ್ಮನ ಮಗಳು, ಆರು ವರ್ಷ, ಮೈ ಕೆಂಡ,
ದೀಪ ಆರಿಸು ಅತ್ತೆ, ಕಣ್ಣು ಚುಚ್ಚುತ್ತದೆ ಅಂದಳು,
ಗದ್ದ ಎದೆಗೆ ಬಾಗಲೇ ಇಲ್ಲ.
ಚಳಿಗೆ ಹಿಡಿದಿದೆ ಅಂದೆ. ಕೊಬ್ಬು ತಿಕ್ಕಿದೆ.
ಬೆಳಗಾಗಲಿ ಅಂದೆ.
ಬೆಳಗಾಯಿತು.

ಗುತ್ತಿಗೆದಾರ ಗೊಣಗಿದ:
ಎಂಟುನೂರು ಕುರಿ ಬಾಕಿ, ವಾಸಿ ಅಂತ ಅವನೇ ಅನ್ನುತ್ತಾನೆ,
ಶನಿವಾರ ಹೇಗೂ ಲಾರಿ ಹೋಗುತ್ತದೆ.
ನಾನು ರೇಡಿಯೋ ತಿರುಗಿಸಿದೆ.
ರಿಯೊ ಮಾಯೊದ ನರ್ಸು ಗರಗರ ದನಿಯಲ್ಲಿ ಕೇಳಿದಳು,
ನಡೆಯುವಾಗ ಎಡವುತ್ತಾನಾ? ಉಚ್ಚೆ ಹಿಡಿತದಲ್ಲಿದೆಯಾ?
ಗಂಡಸರನ್ನೆಲ್ಲ ಹೊರಗೆ ಅಟ್ಟಿದೆ.
ಫರ್ಮಿನ್ ನೆಲ ನೋಡುತ್ತ ಹೇಳಿದ.
"ಈಗಲೇ ಹೊರಡಿಸಿ," ಅಂದಳು ಅವಳು,
"ಕುತ್ತಿಗೆ ಅಲುಗದ ಹಾಗೆ."

ನೂರ ನಲವತ್ತು ಕಿಲೋಮೀಟರು, ಜಲ್ಲಿಯ ದಾರಿ.
ಕಂಬಳಿ ಸುರುಳಿ ಮಾಡಿ ಕುತ್ತಿಗೆಯ ಎರಡೂ ಬದಿಗೆ ಒತ್ತರಿಸಿದೆ.
ಅವನ ಕೋಟಿಗೆ ಐದು ಗುಂಡಿ.
ನಾನು ಒಂದೊಂದೇ ಹಾಕುವಷ್ಟು ಹೊತ್ತೂ
ಅವನು ಕಿಟಕಿಯಾಚೆ ನೋಡುತ್ತಿದ್ದ,
ಆಚೆ ಬೋಳು ಕುರಿಗಳು ಒಂದಕ್ಕೊಂದು ಆತು ನಿಂತಿದ್ದವು.
"ನಲವತ್ತೊಂದು ಬಿಲ್ಲೆ ಇರಬೇಕು. ಎಣಿಸಿಡು."

ಎಣಿಸಿದೆ. ನಲವತ್ತು.

ಉಳಿದದ್ದು ಮರುದಿನ ಒಲೆಯಡಿಯ ಬೂದಿಯಲ್ಲಿ ಸಿಕ್ಕಿತು.
ಅವನು ಬರುವವರೆಗೆ ಇರಲಿ ಅಂತ ಏಪ್ರನ್ನಿನ ಜೇಬಲ್ಲಿಟ್ಟಿದ್ದೇನೆ.
ಪಾತ್ರೆ ತೊಳೆದಾದ ಮೇಲೆ, ಯಾರೂ ಕಾಣದಾಗ,
ಕಣ್ಣು ಮುಚ್ಚಿ ಕೈ ಇಳಿಬಿಡುತ್ತೇನೆ:
ಬೆಳ್ಳುಳ್ಳಿ ಎಸಳು. ಬೆಂಕಿಕಡ್ಡಿ.
ಇದು, ಬಿಲ್ಲೆ.